ಬೆಸುಗೆ ಬೀಳಬಾರದಿದ್ದ ಜಾಗ

ಖಲೀಲ ಅವಳನ್ನು ಮೊದಲ ಸಲ ಕಂಡಾಗ ಕಡಗಂಚಿಯ ಯೂನಿವರ್ಸಿಟಿಯಿಂದ ಪ್ರಾಜೆಕ್ಟ್ ಮಾಡಲು ಬಂದ ಹುಡುಗಿ ಅಂದುಕೊಂಡ. ಅದು ದೊಡ್ಡ ತಪ್ಪೇನಲ್ಲ. ಹೆಗಲಿಗೆ ಬ್ಯಾಗು, ತಲೆಯ ಮೇಲೆ ತಿಳಿ ಹಸಿರು ದುಪಟ್ಟಾ, ಶೂಗೆ ಮೆತ್ತಿದ ಕರಿಮಣ್ಣು. ನಿಂಬರ್ಗಾದ ಆ ಹೊಲದ ಬದುವಿನ ಮೇಲೆ ನಿಂತು ಅವಳು ಕಬ್ಬಿಣದ ಕಂಬಗಳನ್ನು ನೋಡುತ್ತಿದ್ದುದರಲ್ಲಿ ಪರೀಕ್ಷೆಗೆ ಓದುವವರ ಗಾಂಭೀರ್ಯವಿತ್ತು. ತಪ್ಪಾದದ್ದು ಅವಳಿಗೆ ಪಾಠ ಹೇಳಲು ಹೋದಾಗ.

“ಬರ್ರಿ ಮೇಡಂ, ಫೋಟೊ ತಕ್ಕೋರಿ. ಹೆಲ್ಮೆಟ್ ನಾ ಕೊಡ್ತೇನಿ.”

“ಏನು ಕಟ್ಟಾಕತ್ತೀರಿ?” ಅವಳು ಕೇಳಿದಳು.

“ತೊಗರಿಬ್ಯಾಳಿ ಮಿಲ್ಲು. ಆಳಂದದ ಹಣಮಂತ್ರಾಯ ಸಾಹುಕಾರ್‌ದು. ಖರೇ ಹೇಳಬೇಕಂದ್ರ ಇದು ಬಿಲ್ಡಿಂಗ್ ಅಲ್ರಿ, ಹುಡುಗ್ರು ಆಡೂ ಸಾಮಾನು. ಎಲ್ಲಾ ಬರೇ ಬೋಲ್ಟು. ಒಂದು ಗಾಳಿ ಬಂತಂದ್ರ ಹಾರಿ ಜೇವರ್ಗಿಗಿ ಹೋಗಿ ಬೀಳ್ತದ. ಡ್ರಾಯಿಂಗ್ ಮಾಡಿದ ಮನಷ್ಯಾಗ ತಲಿ ಇಲ್ಲ.”

“ಯಾರ್ರಿ ಆ ಮನಷ್ಯಾ?”

“ಎಫ್. ಲಾಲಸಾಬ ಅಂತ ಬರದದ.”

“ಲಾಲಸಾಬ ನಮ್ಮಪ್ಪ,” ಅಂದಳು ಅವಳು, ಬ್ಯಾಗಿನಿಂದ ತನ್ನದೇ ಹೆಲ್ಮೆಟ್ ತೆಗೆದು ದುಪಟ್ಟಾದ ಮೇಲೆ ಕೂರಿಸಿಕೊಳ್ಳುತ್ತ. “ಎಫ್ ನಾನು. ಫರಹೀನ.”

ಖಲೀಲನ ಕೈಕೆಳಗಿನ ಹುಡುಗರು ಕಂಬದ ಹಿಂದೆ ಹೋಗಿ ನಕ್ಕರು. ಖಲೀಲ ಹೋಗಲಿಲ್ಲ, ಅಲ್ಲೇ ನಿಂತು ನಗೆಯನ್ನು ತಡೆದುಕೊಳ್ಳುತ್ತಿದ್ದ ಅವಳ ಕೆಳತುಟಿಯನ್ನೇ ನೋಡಿದ. ಅವಮಾನವಾದಾಗ ಮುಖ ತಿರುಗಿಸುವುದು ಒಳ್ಳೆಯದು. ನೋಡುತ್ತ ನಿಂತವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಅಫಜಲಪುರದಲ್ಲಿ ಅವನದು ಗೇಟು, ಗ್ರಿಲ್ಲು ಮಾಡುವ ಅಂಗಡಿ. ವೆಲ್ಡಿಂಗ್‌ನಲ್ಲಿ ಅವನ ಹೆಸರು ಸೊಲ್ಲಾಪುರದವರೆಗೆ ಓಡುತ್ತಿತ್ತು. ಕಲಬುರಗಿಯ ಶೆಡ್ ಕಂಪನಿಯೊಂದು ಅವನನ್ನೂ ಅವನ ಹುಡುಗರನ್ನೂ ಕಂಬ ನಿಲ್ಲಿಸುವ ಕೆಲಸಕ್ಕೆ ಕರೆದಿತ್ತು. ಫರಹೀನ ಅದೇ ಕಂಪನಿಯ ಇಂಜಿನಿಯರು, ಆಳಂದದವಳು. ಅವಳು ಸೈಟಿಗೆ ಬಂದ ದಿನವೇ ಒಂದು ಕಾಯಿದೆ ಮಾಡಿದಳು: ಈ ಶೆಡ್ಡಿನಲ್ಲಿ ಕಂಬಕ್ಕೂ ತೊಲೆಗೂ ಎಲ್ಲಿಯೂ ವೆಲ್ಡಿಂಗ್ ಬೀಳಬಾರದು.

“ಮೀನಗಾರಗ ನೀರಿಗಿ ಇಳೀಬ್ಯಾಡ ಅಂದಂಗಾತ್ರಿ,” ಅಂದ ಖಲೀಲ.

“ದಂಡಿ ಮ್ಯಾಲೆ ಕುಂದರ್ರಿ. ಬೋಲ್ಟು ಬಿಗಿಯೂ ಪಾನಾ ಹಿಡಿಯೂದು ಕಲೀರಿ.”

ಅವಳು ಹೀಗೇ. ಒಂದು ಮಾತಿಗೆ ಇನ್ನೊಂದು ಮಾತು ಸಿದ್ಧವಿಟ್ಟುಕೊಂಡೇ ಬರುತ್ತಿದ್ದಳು. ಬೋಲ್ಟು ಅರ್ಧ ಸುತ್ತು ಸಡಿಲ ಇದ್ದರೂ ಹತ್ತು ಜನರ ಮುಂದೆ ಬಿಚ್ಚಿಸಿ ಮತ್ತೆ ಬಿಗಿಸುತ್ತಿದ್ದಳು. ಅವನು ಬಿಗಿಯುವಾಗ ಪಕ್ಕದಲ್ಲಿ ನಿಂತು, ಬೇರೆಲ್ಲೋ ನೋಡುವಂತೆ ನಟಿಸುತ್ತ, ಅವನ ಮುಂಗೈಯ ನರ ಉಬ್ಬುವುದನ್ನು ನೋಡುತ್ತಿದ್ದಳು. ಅವನು ತಲೆ ಎತ್ತಿದರೆ ಅವಳ ಕಣ್ಣು ಆಗಲೇ ಆಕಾಶಕ್ಕೆ ಹೋಗಿರುತ್ತಿತ್ತು. ಬೇಸಿಗೆಯ ಆ ಆಕಾಶದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಇಬ್ಬರ ಮನೆಮಾತೂ ದಖನಿ ಉರ್ದು. ಆದರೂ ಸೈಟಿನಲ್ಲಿ ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಉರ್ದುವಿಗೆ ಇಳಿದರೆ ಸಲುಗೆ ಬಂದುಬಿಡುತ್ತದೆ ಎಂಬ ಹೆದರಿಕೆ.

“ವೆಲ್ಡಿಂಗ್ ಮ್ಯಾಲೆ ನಿಮಗೇನು ಸಿಟ್ಟು?” ಒಂದು ಮಧ್ಯಾಹ್ನ ಅವನು ಕೇಳಿದ. ಊಟದ ಹೊತ್ತು, ಎಲ್ಲರೂ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದರು.

“ಸಿಟ್ಟಿಲ್ಲ. ಆದ್ರ ಈ ಹೊಲ ರೇವಮ್ಮಂದು. ಬಾಡಿಗಿ ಕರಾರು ಮುಗದ ದಿನ ಅಕೀಗಿ ಹೊಲ ಹೊಲಾ ಆಗೇ ವಾಪಸ್ ಸಿಗಬೇಕು. ಬಿಚ್ಚಿ, ಲಾರಿಗಿ ಹಾಕಿ, ಮತ್ತೊಂದು ಕಡಿ ನಿಂದ್ರಸಬೇಕು. ಬುಡದಾಗಿನ ಕಾಂಕ್ರೀಟ್ ದಿಮ್ಮಿನೂ ಕ್ರೇನ್ ಎತಗೊಂಡು ಹೋಗ್ತದ.”

“ಇಟ್ಟಂಗಿ ಗ್ವಾಡಿ ಕಟ್ಟಿದ್ರ ಏನಾಗ್ತಿತ್ತು?”

“ತಿಂಗಳಗಟ್ಲೆ ನೀರು ಹೊಡೀಬೇಕಿತ್ತು. ಮಂದಿ ಕೊಡಾ ಹಿಡಕೊಂಡು ಟ್ಯಾಂಕರ್ ಹಾದಿ ಕಾಯಾಕತ್ತಾರ, ಗ್ವಾಡಿಗಿ ಕುಡಸೂದೇನು? ಉಸುಕು ಎಲ್ಲಿಂದ ತರ್ತಿದ್ರಿ? ನಿಮ್ಮೂರ ಭೀಮಾ ಹೊಳಿಯಿಂದ. ಹೊಳಿ ಹೆಂಗಾಗ್ಯದ ನೀವ ನೋಡೀರಿ.”

ಖಲೀಲ ನೋಡಿದ್ದ. ಚಿಕ್ಕಂದಿನಲ್ಲಿ ಈಜಿದ ಮಡು ಈಗ ಟ್ರ್ಯಾಕ್ಟರ್ ಇಳಿಯುವ ಗುಂಡಿಯಾಗಿತ್ತು.

“ಕಬ್ಬಣ ಕಡೀಗಿ ಕೆಟ್ರೂ ಭಟ್ಟಿಗಿ ಹೋಗಿ ಮತ್ತ ಕಬ್ಬಣಾನ ಆಗ್ತದ,” ಅಂದಳು ಅವಳು. “ಒಡದ ಗ್ವಾಡಿ ಏನಾಗ್ತದ ಹೇಳ್ರಿ?”

“ಕಸಾ.”

“ಪಾಸಾದ್ರಿ.”

ಅವನ ಕೆಲಸವನ್ನು ಅವಳು ಹೊಗಳಿದ್ದು ಒಂದೇ ಸಲ. ಆ ಟ್ಯಾಂಕಿಗೆ ಅವನು ಅಫಜಲಪುರದ ತನ್ನ ಅಂಗಡಿಯಲ್ಲೇ ಸ್ಟ್ಯಾಂಡು ಮಾಡಿ ತಂದಿದ್ದ. ಅದರ ಬೆಸುಗೆ ಮೀನಿನ ಹುರುಪೆ ಜೋಡಿಸಿದಷ್ಟು ಸಮನಾಗಿತ್ತು. ಫರಹೀನ ಅದರ ಮೇಲೆ ಬೆರಳಿನ ತುದಿ ಓಡಿಸಿ, “ಛಂದ ಅದ,” ಅಂದಳು. ಬೆರಳು ಓಡಿದ್ದು ಕಬ್ಬಿಣದ ಮೇಲೆ. ಖಲೀಲನಿಗೆ ಮಾತ್ರ ಬೆನ್ನಿನ ಮೇಲೆ ಓಡಿದ ಹಾಗಾಯಿತು.

ಅವತ್ತು ಸಂಜೆ ಅವನು ತನಗೆ ವೆಲ್ಡಿಂಗ್ ಕಲಿಸಿದ ಉಸ್ತಾದ ಬಿಲಾಲನ ಕತೆ ಹೇಳಿದ. ಜೇವರ್ಗಿಯ ಒಂದು ಹತ್ತಿ ಗೋದಾಮು, ಅರ್ಧ ಬಿಗಿದ ಬೋಲ್ಟು, ಮುಂಗಾರಿನ ಮೊದಲ ಗಾಳಿ. ತೊಲೆ ಉಸ್ತಾದನ ಮೇಲೆ ಬಿತ್ತು. ಹೆಣ ಎತ್ತಲು ಹೋದವರಲ್ಲಿ ಖಲೀಲನೂ ಇದ್ದ.

“ಅದು ಬಿಗೀಲಾರದವರ ತಪ್ಪು. ಬೋಲ್ಟಿನ ತಪ್ಪಲ್ಲ,” ಅಂದಳು ಅವಳು ಮೆಲ್ಲಗೆ.

“ಹೌದು. ಆದ್ರೂ ನನಗ ಬೋಲ್ಟಿನ ಮ್ಯಾಲೆ ಭರವಸೆ ಬರಂಗಿಲ್ಲ.”

“ನನ್ನ ಮ್ಯಾಲೆ?”

ಈ ಸಲ ಅವಳ ಕಣ್ಣು ಆಕಾಶಕ್ಕೆ ಓಡಲಿಲ್ಲ. ಅವನು ನೋಡಿದ, ಅವಳೂ ನೋಡಿದಳು. ರೆಪ್ಪೆಯ ಮೇಲೆ ಕೂತಿದ್ದ ಧೂಳನ್ನೂ ಅವಳು ಒರೆಸಿಕೊಳ್ಳಲಿಲ್ಲ.

“ನಿಮ್ಮ ಮ್ಯಾಲೆ ಅದ,” ಅಂದ ಅವನು.

ಹಾಗೆ ಹೇಳುವಾಗ ಅವನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿರಲಿಲ್ಲ.

ಮುಂದಿನ ವಾರ ಅವನ ತಾಯಿ ವಜೀರುನ್ನಿಸಾ ಆಳಂದಕ್ಕೆ ಬಂದು ಫರಹೀನಳ ಮನೆಯಲ್ಲಿ ಚಹಾ ಕುಡಿದು ಹೋದರು. ಹುಡುಗ ಡಿಪ್ಲೊಮಾ ಕೂಡ ಓದಿಲ್ಲ ಎಂದು ಲಾಲಸಾಬ ಗೊಣಗಿದರು. ಮಗಳ ಮುಖ ನೋಡಿ ಗೊಣಗುವುದನ್ನು ನಿಲ್ಲಿಸಿದರು. ಶೆಡ್ಡಿನ ಕೆಲಸ ಮುಗಿದ ಮೇಲೆ ಮಂಗ್ನಿ, ಅಂದರೆ ನಿಶ್ಚಿತಾರ್ಥ, ಎಂದು ಮಾತಾಯಿತು.

ಕಂಬ, ತೊಲೆ ಎಲ್ಲ ನಿಂತಿದ್ದವು. ಮೇಲೆ ತಗಡು ಹೊದಿಸುವುದೊಂದು ಬಾಕಿ. ಆಗ ರೇವಮ್ಮ ಜಿಡಗಾ ಮಠದಿಂದ ನೇರವಾಗಿ ಹೊಲಕ್ಕೆ ಬಂದಳು. ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಯಾರನ್ನೂ ಸುಮ್ಮನೆ ನಂಬುವ ಚಟ ಆಕೆಗಿರಲಿಲ್ಲ. ಇಷ್ಟು ದಿನ ಬರೀ ಬಾಯಿಮಾತಿನ ಮೇಲೆ ಜಾಗ ಬಿಟ್ಟುಕೊಟ್ಟಿದ್ದಳು. ಕರಾರು ಪತ್ರಕ್ಕೆ ಇನ್ನೂ ಹೆಬ್ಬೆಟ್ಟು ಒತ್ತಿರಲಿಲ್ಲ.

“ಬಿಚ್ಚತದ ಬಿಚ್ಚತದ ಅಂತ ಎಲ್ಲಾರೂ ಹೇಳ್ತೀರಿ. ನನ್ನ ಕಣ್ಣೀಗಿ ಒಂದು ಬಿಚ್ಚಿ ತೋರಸ್ರಿ. ಆಮ್ಯಾಲೆ ಹೆಬ್ಬಟ್ಟ ಒತ್ತತೇನಿ. ಇಲ್ಲಾಂದ್ರ ಎಲ್ಲಾ ತಕ್ಕೊಂಡು ನಡೀರಿ.”

“ತೋರಸ್ತೇವಿ ಅವ್ವಾ,” ಅಂದಳು ಫರಹೀನ.

“ಗಂಡಸ್ರು ಏನೋ ಮಾಯಾ ಮಾಡಿ ತೋರಸ್ತಾರ. ಮಾತು ಕೊಟ್ಟಾಕಿ ನೀನು. ನೀನ ಏರಿ ಬಿಚ್ಚು ಬೇ.”

“ಶನಿವಾರ ನಾನ ಬಿಚ್ಚತೇನಿ.”

ಬದುವಿನ ಪಕ್ಕದ ಕೊನೆಯ ಕಂಬವನ್ನು ಅವಳು ಆರಿಸಿದಳು. ಯಾಕೆಂದರೆ ಅದರ ಬೋಲ್ಟುಗಳನ್ನೆಲ್ಲ ಅವಳೇ ಬಿಗಿದಿದ್ದಳು. ಬಿಗಿದ ದಿನ ಕೆಳಗೆ ನಿಂತು ನಿಚ್ಚಣಿಕೆ ಹಿಡಿದಿದ್ದವನು ಖಲೀಲ.

ಅವನ ಮುಖ ಆ ಹೊತ್ತಿಗೇ ಬಿಳಿಚಿಕೊಂಡಿತ್ತು. ಎಲ್ಲರೂ ಅತ್ತ ಹೋದ ಮೇಲೆ ಹತ್ತಿರ ಬಂದು, ಮೊದಲ ಸಲ ಮನೆಯ ಭಾಷೆಯಲ್ಲಿ, ಅವಳಿಗೆ ಮಾತ್ರ ಕೇಳುವಂತೆ ಅಂದ: “ನಕ್ಕೊ ಚಢೋ, ಫರಹೀನ.” ಏರಬೇಡ.

ಇಷ್ಟು ದಿನ ಅವಳು ಕಾದಿದ್ದ ದನಿ ಅದು. ಅದರಲ್ಲಿದ್ದ ಭಯವನ್ನು ಅವಳು ಪ್ರೀತಿ ಎಂದೇ ಕೇಳಿಸಿಕೊಂಡಳು. ಅದು ಪ್ರೀತಿಯೂ ಹೌದು. ತಕರಾರು ಏನೆಂದರೆ ಅದು ಬರೀ ಪ್ರೀತಿಯಾಗಿರಲಿಲ್ಲ.

“ನನ್ನ ಕೈಲೇ ಬಿಗದೇನಿ. ಏನೂ ಆಗಂಗಿಲ್ಲ,” ಅಂದು ನಕ್ಕಳು.

ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಕೆಲಸ ನಿಂತಿತು. ಫರಹೀನ ಮನೆಗೆ ಹೋದಳು, ಹುಡುಗರು ಮಸೀದಿಗೆ ಹೋದರು. ಖಲೀಲ ಉಳಿದ. ಜನರೇಟರ್ ಚಾಲು ಮಾಡಿ, ವೆಲ್ಡಿಂಗ್ ಕೇಬಲ್ ಎಳೆದುಕೊಂಡು ಕೊನೆಯ ಕಂಬ ಏರಿದ. ತೊಲೆ ಕಂಬಕ್ಕೆ ಕೂಡುವ ಜಾಗದ ಕೆಳಬದಿಯಲ್ಲಿ, ಯಾರಿಗೂ ಕಾಣದ ಕಡೆ, ಎರಡು ಗೇಣು ಬೆಸುಗೆ ಹಾಕಿದ. ಅದರ ಮೇಲೆ ಕಂಬದ್ದೇ ಕೆಂಪು ಬಣ್ಣ ಬಳಿದ.

ಅವನ ಲೆಕ್ಕ ಹೀಗಿತ್ತು: ಅವಳು ಬೋಲ್ಟು ತೆಗೆಯುವಾಗ ತೊಲೆ ಜಾರಬಾರದು. ಅವಳು ಕೆಳಗಿಳಿದ ಮೇಲೆ ತಾನು ಏರಿ, ಕ್ರೇನಿನ ಹಗ್ಗ ನೋಡುವ ನೆವದಲ್ಲಿ, ಗ್ರೈಂಡರ್‌ನಿಂದ ಆ ಬೆಸುಗೆಯನ್ನು ಕೊಯ್ದುಬಿಡುವುದು. ಅವಳಿಗೆ ಗೊತ್ತಾಗುವುದೇ ಇಲ್ಲ. ಬೇರೆಯವರ ಒಳ್ಳೆಯದನ್ನು ಅವರಿಗೆ ಗೊತ್ತಾಗದಂತೆ ಮಾಡಲು ಹೊರಟವನಿಗೆ ತನ್ನ ಮೇಲೆ ಬಹಳ ಅಭಿಮಾನವಿರುತ್ತದೆ. ಬಣ್ಣ ಬಳಿಯುವಾಗ ಖಲೀಲ ಗುನುಗುತ್ತಿದ್ದ.

ಶನಿವಾರ ಹೊತ್ತೇರುವಷ್ಟರಲ್ಲಿ ಬದುವಿನ ತುಂಬ ಜನ. ಹಣಮಂತ್ರಾಯ ಸಾಹುಕಾರರು ಕಾರಿನಲ್ಲಿ ಬಂದರು. ಸೊಸೆಯಾಗುವವಳು ಎತ್ತರಕ್ಕೆ ಏರುತ್ತಾಳಂತೆ ಎಂದು ವಜೀರುನ್ನಿಸಾ ಕೂಡ ಅಫಜಲಪುರದಿಂದ ಬಸ್ಸು ಹತ್ತಿ ಬಂದಿದ್ದರು. ರೇವಮ್ಮ ಎಲ್ಲರಿಗಿಂತ ಮುಂದೆ ಒಂದು ಕಲ್ಲಿನ ಮೇಲೆ ಕೂತಳು.

ತೊಲೆಯ ಅತ್ತಕಡೆಯ ತುದಿಯನ್ನು ಹುಡುಗರು ಮೊದಲೇ ಬಿಡಿಸಿದ್ದರು. ಕ್ರೇನಿನ ಹಗ್ಗ ಎರಡು ಕಡೆ ಕಟ್ಟಿತ್ತು. ಪೈಪಿನ ಅಟ್ಟದ ಮೇಲೆ ಫರಹೀನ ಏರಿದಳು, ಬೇಡವೆಂದರೂ ಕೇಳದೆ ಖಲೀಲ ಹಿಂದೆಯೇ ಏರಿದ. ಅವಳು ಪಾನಾ ಹಾಕಿ ತಿರುಗಿಸಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೋಲ್ಟುಗಳು ಒಂದೊಂದಾಗಿ ಬಂದವು. ಬಂದದ್ದನ್ನು ಅವಳು ಮೇಲಿನಿಂದಲೇ ಎತ್ತಿ ತೋರಿಸಿದಳು. ರೇವಮ್ಮ ತಲೆಯಾಡಿಸಿದಳು.

ಕೊನೆಯ ಬೋಲ್ಟು ಕೈಗೆ ಬಂದಾಗ ಫರಹೀನ ತಿರುಗಿ ಖಲೀಲನನ್ನು ನೋಡಿದಳು. ಬೆವರು, ಧೂಳು, ಹೆಲ್ಮೆಟ್ಟಿನಿಂದ ತಪ್ಪಿಸಿಕೊಂಡ ಕೂದಲು, ಮುಖದ ತುಂಬ ಗೆದ್ದ ನಗು. ಆ ಮುಖವನ್ನು ಅವನು ಜೀವಮಾನವಿಡೀ ನೆನೆದ.

“ಈಗ ನೀವು ಇಳೀರಿ,” ಅಂದ ಅವನು. “ನಾ ಹಗ್ಗ ನೋಡಿ ಬರ್ತೇನಿ.”

“ಹಗ್ಗ ಸರಿನ ಅದ.”

“ಇಳೀರಿ ಅಂದ್ನಲ್ಲ!”

ಅಷ್ಟರಲ್ಲಿ ಕೆಳಗಿನಿಂದ ರೇವಮ್ಮ ಕೂಗಿದಳು: “ಮತ್ಯಾಕ ತಡ? ಎತ್ತರಿ!” ಸಾಹುಕಾರರು ಕೈ ಬೀಸಿದರು. ಕ್ರೇನಿನವನು ಎತ್ತಿದ.

ತೊಲೆ ಬರಲಿಲ್ಲ. ಹಗ್ಗ ಸಿಕ್ಕಿದೆ ಎಂದುಕೊಂಡು ಕ್ರೇನಿನವನು ಇನ್ನಷ್ಟು ಎಳೆದ. ಖಲೀಲ ಕೂಗಿದ್ದು ಇಂಜಿನ್ನಿನ ಸದ್ದಿನಲ್ಲಿ ಮುಳುಗಿಹೋಯಿತು. ಬೆಸುಗೆ ಸಿಡಿದು ಹರಿಯಿತು. ಅಷ್ಟು ಹೊತ್ತು ತಡೆದಿಟ್ಟ ತೊಲೆ ಒಮ್ಮೆಲೇ ಬಿಡಿಸಿಕೊಂಡು ಅಟ್ಟದ ಕಡೆ ಬೀಸಿ ಬಂತು.

ಖಲೀಲ ಫರಹೀನಳನ್ನು ಕೆಡವಿ ಅವಳ ಮೇಲೆ ಬಿದ್ದ. ತೊಲೆಯ ತುದಿ ಅವನ ಬಲಗೈಯನ್ನು ಕಂಬಕ್ಕೆ ಒತ್ತಿ ಮುರಿದು ಹಿಂದಕ್ಕೆ ಹೋಯಿತು.

ಕೆಳಗೆ ಹೆಂಗಸರು ಎದೆ ಬಡಿದುಕೊಂಡರು. ಅವನನ್ನು ಇಳಿಸುವಾಗ ವಜೀರುನ್ನಿಸಾ ಅಳುತ್ತಲೇ, “ನನ್ನ ಮಗಾ ಜೀವಾ ಒತ್ತಿ ಇಟ್ಟು ಉಳಿಸ್ಯಾನ ನೋಡ್ರಿ,” ಅಂದರು. ರೇವಮ್ಮನ ಕಣ್ಣಲ್ಲೂ ನೀರು ಬಂತು. ಸಂಜೆಯೊಳಗೆ ಆ ಮಾತು ಆಳಂದ ಮುಟ್ಟಿತ್ತು, ಮರುದಿನ ಅಫಜಲಪುರ.

ಫರಹೀನ ಅಟ್ಟದ ಮೇಲೆ ಒಬ್ಬಳೇ ಉಳಿದಿದ್ದಳು. ಎದ್ದು, ತೊಲೆ ಕೂಡಿದ್ದ ಜಾಗದ ಕೆಳಬದಿಗೆ ಬಗ್ಗಿ ನೋಡಿದಳು. ಹರಿದ ಕಬ್ಬಿಣ ಇನ್ನೂ ಬಿಸಿಯಿತ್ತು. ಒಡೆದ ಕೆಂಪು ಬಣ್ಣದ ಕೆಳಗೆ ಮೀನಿನ ಹುರುಪೆಯ ಸಾಲು, ಅಷ್ಟೂ ಸಮ, ಅಷ್ಟೂ ಛಂದ. ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಆ ಕೈಯನ್ನು ಅವಳು ಪ್ರೀತಿಸುತ್ತಿದ್ದಳು.

ಕಂಪನಿಯವರು ತಪಾಸಣೆಗೆ ಬರುವ ಮೊದಲು ಅವಳು ಒಂದು ಕೆಲಸ ಮಾಡಿದಳು. ಅವನ ಗ್ರೈಂಡರ್ ಎತ್ತಿಕೊಂಡು ಏರಿ, ಆ ಬೆಸುಗೆಯ ಗುರುತನ್ನು ಎರಡೂ ಕಡೆ ಉಜ್ಜಿ ತೆಗೆದಳು. ಕಿಡಿ ಅವಳ ದುಪಟ್ಟಾ ಸುಟ್ಟಿತು. ಅವನೇ ಹೇಳಲಿ, ಅವನ ಬಾಯಿಂದಲೇ ಬರಲಿ, ಬೇರೆಯವರು ಅವನನ್ನು ಹಿಡಿಯುವುದು ಬೇಡ ಅನ್ನುವುದು ಅವಳ ಆಸೆ. ಬುದ್ಧಿವಂತೆ ಅನ್ನಿಸಿಕೊಂಡವಳು ಹೀಗೆ ತನ್ನ ಸಾಕ್ಷಿಯನ್ನು ತಾನೇ ಪುಡಿ ಮಾಡಿದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಅವನ ಕೈಗೆ ಪ್ಲಾಸ್ಟರ್ ಹಾಕಿದ್ದರು. ತಾಯಿ ಔಷಧಿ ತರಲು ಹೋದಾಗ ಫರಹೀನ ಪಕ್ಕದಲ್ಲಿ ಕೂತಳು.

“ನೀ ವೆಲ್ಡ್ ಮಾಡಿದ್ದಿ.”

ಅವನು ಇಲ್ಲವೆನ್ನಲಿಲ್ಲ. “ನನ್ನ ಕೈ ಅಂತ ಗುರ್ತು ಹಿಡದ್ರೇನು?” ಅಂದ. ಆ ನೋವಿನಲ್ಲೂ ಅವನ ಮುಖದಲ್ಲಿ ಹೆಮ್ಮೆಯ ಒಂದು ಎಳೆ ಕಂಡಿತು. ಅವಳಿಗೆ ಅದನ್ನು ಮರೆಯಲು ಆಗಲೇ ಇಲ್ಲ.

“ಆ ಬೋಲ್ಟು ಬಿಗದಾಕಿ ನಾನು. ನಿಚ್ಚಣಿಕಿ ಹಿಡದಾಂವ ನೀನು.”

“ಗೊತ್ತದ. ಆದ್ರ ಉಸ್ತಾದ ಕಣ್ಣ ಮುಂದ ಬಂದ್ರು. ನಿಮಗೇನರ ಆದ್ರ ನಾ ಹೆಂಗ ಬದಕ್ಲಿ?”

“ನನ್ನ ಮ್ಯಾಲೆ ಭರವಸೆ ಅದ ಅಂದಿದ್ದಿ.”

ಅವನು ಪ್ಲಾಸ್ಟರ್ ನೋಡಿಕೊಂಡ.

“ಯಾರಿಗೂ ಹೇಳಬ್ಯಾಡ್ರಿ,” ಅಂದ. ಕನ್ನಡದಲ್ಲೇ ಅಂದ. ಮನೆಯ ಭಾಷೆ ಹೊಲದಿಂದ ಅವನ ಜೊತೆ ಬಂದಿರಲಿಲ್ಲ. “ಕಳ್ಳತನದಿಂದ ವೆಲ್ಡ್ ಮಾಡ್ದ ಅಂತ ಹೆಸರು ಬಂದ್ರ ನನಗ್ಯಾರೂ ಕೆಲಸಾ ಕೊಡಂಗಿಲ್ಲ. ಹುಡುಗ್ರು ನನ್ನ ನಂಬ್ಯಾರ. ನಿಮಗೇನ್ರಿ, ನಾಳಿ ನಮ್ಮ ಮನೀಗಿ ಬರಾಕಿ. ತಪ್ಪು ನಿಮ್ಮ ಮ್ಯಾಲೆ ಬಂದು ನೌಕರಿ ಹೋದ್ರ ಹೋಗ್ಲಿ. ನಾ ಇದೀನಲ್ಲ.”

ನಾ ಇದೀನಲ್ಲ. ಪ್ರೀತಿಸಿದವರ ಬಾಯಲ್ಲಿ ಇದಕ್ಕಿಂತ ಸಿಹಿಯಾದ ಮಾತು ಇಲ್ಲ ಅನ್ನುತ್ತಾರೆ. ಫರಹೀನಳಿಗೆ ಅದು ಸಿಹಿ ಅನ್ನಿಸಲಿಲ್ಲ. ಆದರೂ ಅವನ ದಿಂಬು ಸರಿಮಾಡಿ, ನೀರು ಕುಡಿಸಿ ಹೊರಟಳು. ಕೈ ನೋಯುತ್ತಿದೆ, ಅದಕ್ಕೆ ಹೀಗೆ ಮಾತಾಡುತ್ತಿದ್ದಾನೆ, ಸುಧಾರಿಸಿಕೊಂಡ ಮೇಲೆ ತಾನಾಗಿಯೇ ಹೇಳುತ್ತಾನೆ ಎಂದು ಬಸ್ಸಿನುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ತಪಾಸಣೆಯವರು ಬಂದರು, ನೋಡಿದರು, ಏನೂ ಸಿಗಲಿಲ್ಲ. ತೊಲೆ ಸಿಕ್ಕಿಕೊಂಡಿತ್ತು, ಇಂಜಿನಿಯರು ಇಳಿಯದೆ ಎತ್ತಿಸಿದರು, ತಪ್ಪು ಇಂಜಿನಿಯರದು ಅಂದರು. ಆ ವರದಿಗೆ ಅವಳು ಸಹಿ ಮಾಡಿದಳು. ಇನ್ನು ಮುಂದೆ ಡ್ರಾಯಿಂಗ್ ಕೆಲಸ ಬೇಡ, ಉಳಿದದ್ದನ್ನು ಬಿಚ್ಚಿಸಿ ಬಂದರೆ ಸಾಕು ಎಂದು ಕಂಪನಿ ಹೇಳಿತು. ಯಾಕೆಂದರೆ ರೇವಮ್ಮ ಹೆಬ್ಬೆಟ್ಟು ಒತ್ತಲಿಲ್ಲ.

“ಬಿಚ್ಚಾಕ ಹೋದ್ರ ಜೀವಾ ತಗೀತದ ಇದು,” ಅಂದಳು ಆಕೆ. “ನನ್ನ ಹೊಲದಾಗ ಬ್ಯಾಡ. ಆದ್ರ ಒಂದು ಮಾತು ಹೇಳ್ತೇನಿ ತಂಗಿ, ಅಂಥಾ ಗಂಡ ಹುಡುಕಿದ್ರೂ ಸಿಗಂಗಿಲ್ಲ. ಜಲ್ದಿ ಮಾಡ್ಕೊ.”

ಎಲ್ಲರೂ ಅದನ್ನೇ ಹೇಳಿದರು. ನೌಕರಿಯ ಮಾತು ಎತ್ತಿದರೆ, ಇನ್ನೇನು ಮದುವೆಯಾಗುತ್ತಿದ್ದೀಯಲ್ಲ ಅಂದರು. ಅವಳ ತಾಯಿ ಹಮೀದಾಬೇಗಂ ದಿನಕ್ಕೊಂದು ಸಲ ದೃಷ್ಟಿ ತೆಗೆದರು, ಮಗಳದಲ್ಲ, ಅಳಿಯನಾಗುವವನದು. ಖಲೀಲ ಆಸ್ಪತ್ರೆಯಿಂದ ಬಂದ. ಅವನನ್ನು ನೋಡಲು ಜನ ಬಂದರು. ಅವನು ಕತೆ ಹೇಳಿದ. ಪ್ರತಿ ಸಲವೂ ಚೆನ್ನಾಗಿ ಹೇಳಿದ. ಆ ಒಂದು ಮಾತು ಬಿಟ್ಟು.

ಆಳಂದದಲ್ಲಿ ಫರಹೀನಳ ಮನೆಯಲ್ಲೇ ಮಂಗ್ನಿ. ಒಳಕೋಣೆಯಲ್ಲಿ ಹೆಂಗಸರು, ಪಡಸಾಲೆಯಲ್ಲಿ ಗಂಡಸರು, ನಡುವೆ ಬಾಗಿಲಿಗೆ ಪರದೆ. ರೇವಮ್ಮನನ್ನೂ ಸಾಹುಕಾರರನ್ನೂ ಕರೆದಿದ್ದರು. ಕರೆಯಲೇಬೇಕೆಂದು ಹಟ ಹಿಡಿದವಳು ಫರಹೀನ. ಜೀವ ಉಳಿಸಿದವನನ್ನು ನೋಡಬೇಕೆಂದು ಎಲ್ಲರೂ ಕೇಳಿದ್ದರಿಂದ ಖಲೀಲನನ್ನೂ ಕರೆತಂದಿದ್ದರು. ಬಿಳಿ ಪ್ಲಾಸ್ಟರ್ ಮೇಲೆ ಹೂವಿನ ಹಾರ ಸುತ್ತಿದ್ದರು.

ವಜೀರುನ್ನಿಸಾ ಉಂಗುರ ತೆಗೆದು ಅವಳ ಕೈ ಹಿಡಿದರು. ಫರಹೀನ ಕೈ ಹಿಂದೆಗೆಯಲಿಲ್ಲ.

“ಅಮ್ಮಾ, ಒಂದು ಮಾತು ಕೇಳಬೇಕು ಇವರನ್ನ. ಇಲ್ಲಾಂದ್ರ ಮನಸು ನಿಲ್ಲಂಗಿಲ್ಲ.”

ಹೆಂಗಸರು ಮುಸಿಮುಸಿ ನಕ್ಕರು. ಯಾರೋ ಪರದೆ ಸರಿಸಿದರು. ರೇವಮ್ಮನಿಗೂ ತಿಳಿಯಲಿ ಎಂದು ಅವಳು ಕನ್ನಡದಲ್ಲೇ ಕೇಳಿದಳು.

“ಆ ತೊಲಿ ಯಾಕ ಬರಲ್ದಾಗಿತ್ತು? ನಿಮಗ ಗೊತ್ತಿದ್ರ ಎಲ್ಲಾರ ಮುಂದ ಹೇಳ್ರಿ. ಹೇಳಿದ್ರ ಈ ಉಂಗುರ ಈಗ, ಈ ಹೊತ್ತಿಗೇ ಹಾಕ್ಕೋತೇನಿ.”

ಅವಳು ಅವನನ್ನೇ ನೋಡಿದಳು. ಉಸ್ತಾದನ ಕತೆ ಹೇಳಿದ ಸಂಜೆ ಅವನು ಕಂಡಿದ್ದ ನೋಟವೇ ಅದು. ಹೇಳಿಬಿಡು, ನಾನು ನಿನ್ನವಳು, ನೀನು ಹೇಳಿದರೆ ಜಗತ್ತು ನಿನ್ನ ಮೇಲೆ ಬಿದ್ದರೂ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ ಎಂದು ಅವಳ ಕಣ್ಣು ಅಂಗಲಾಚುತ್ತಿತ್ತು. ಅವಳು ಯಾರಲ್ಲೂ ಹಾಗೆ ಬೇಡಿದವಳಲ್ಲ.

ಖಲೀಲ ತನ್ನ ಹುಡುಗರನ್ನು ನೋಡಿದ. ತಾಯಿಯನ್ನು ನೋಡಿದ. ಕಂಪನಿಯಿಂದ ಬಂದಿದ್ದ ಸುನೀಲಕುಮಾರ ಮೂಲೆಯಲ್ಲಿ ಶರಬತ್ತು ಕುಡಿಯುತ್ತ ಕೂತಿದ್ದ, ಅವನನ್ನೂ ನೋಡಿದ. ಕಡೆಗೆ ಫರಹೀನಳನ್ನು ನೋಡಿ, ಇವಳು ಯಾವಾಗಿನಂತೆ ಕಾಡುತ್ತಿದ್ದಾಳೆ, ಕಾಡಿ ಸಾಕಾದ ಮೇಲೆ ಹೇಗೂ ಹಾಕಿಕೊಳ್ಳುತ್ತಾಳೆ ಅಂದುಕೊಂಡು ನಕ್ಕ.

“ನನಗ ಹೆಂಗ ಗೊತ್ತಾಗಬೇಕ್ರಿ? ಕಬ್ಬಣಕ್ಕೂ ನಿಮ್ಮ ಕೈ ಬಿಡೂ ಮನಸಾಗಿರಲಿಕ್ಕಿಲ್ಲ.”

ಪಡಸಾಲೆ “ವಾಹ್” ಅಂತು. ಒಳಗೆ ಯಾವಳೋ ಕಣ್ಣೊರೆಸಿಕೊಂಡಳು. ಬಹಳ ಚೆಂದದ ಮಾತು ಅದು.

ಫರಹೀನ ಮೆಲ್ಲಗೆ, ಮುದುಕಿಗೆ ನೋವಾಗದಂತೆ, ವಜೀರುನ್ನಿಸಾರ ಹಿಡಿತದಿಂದ ಬೆರಳು ಬಿಡಿಸಿಕೊಂಡಳು.

“ಈ ಸಂಬಂಧ ನನಗ ಬ್ಯಾಡ್ರಿ ಅಮ್ಮಾ.”

“ಯಾಕ ಮಗಳೇ?”

ಅವಳು ಇನ್ನೊಮ್ಮೆ ಬಾಗಿಲ ಕಡೆ ನೋಡಿದಳು. ಈಗಲೂ ಹೊತ್ತು ಮೀರಿರಲಿಲ್ಲ. ಅವನ ನಗು ಮಾಯವಾಗಿತ್ತು, ಹಣೆಯ ಮೇಲೆ ಬೆವರೊಡೆದಿತ್ತು, ತುಟಿ ಅಲುಗಿತು. ಆಮೇಲೆ ಅವನು ತಲೆ ತಗ್ಗಿಸಿದ. ಆ ತಗ್ಗಿದ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೆಂದು ಅವಳ ಜೀವ ಒದ್ದಾಡಿತು. ಅವನ ಮೇಲಿನ ಪ್ರೀತಿ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು.

“ಸುಮ್ನ. ಮನಸಿಲ್ಲ,” ಅಂದಳು.

ಆಮೇಲೆ ನಡೆದದ್ದನ್ನು ಹೇಳುವುದೇ ಬೇಡ. ಲಾಲಸಾಬ ಮಗಳ ಜೊತೆ ಮಾತು ಬಿಟ್ಟರು. ಹಮೀದಾಬೇಗಂ ನೆರೆಮನೆಯವರ ಮುಂದೆ ಮುಖ ಮುಚ್ಚಿಕೊಂಡರು. ಕೈ ಮುರಿದುಕೊಂಡು ಜೀವ ಉಳಿಸಿದವನನ್ನು, ಕೈ ಮುರಿಯಿತೆಂದೇ ಬಿಟ್ಟಳು ಎಂದು ಊರು ತೀರ್ಮಾನಿಸಿತು. ಹಾಗಲ್ಲ ಎಂದು ಹೇಳಬಲ್ಲ ಒಬ್ಬನೇ ಒಬ್ಬ ಅಫಜಲಪುರದಲ್ಲಿ ಹಾಸಿಗೆಯಲ್ಲಿ ಮುಖ ಹುದುಗಿಸಿ ಅತ್ತ. ಎದ್ದು ಬಂದು ಹೇಳಲಿಲ್ಲ.

ಮಳೆಗೆ ಮುಂಚೆ ಫರಹೀನ ಬೇರೆ ಹುಡುಗರನ್ನು ಕರೆತಂದು ಶೆಡ್ಡನ್ನು ಬಿಚ್ಚಿಸಿದಳು. ಅವಳು ಹೇಳಿದ್ದ ಹಾಗೆಯೇ ಅದು ಬಿಚ್ಚಿಕೊಂಡಿತು. ಕಂಬ, ತೊಲೆ, ಬೋಲ್ಟು, ಬುಡದ ದಿಮ್ಮಿ, ಎಲ್ಲ ಲಾರಿ ಏರಿದವು. ಹರಿದ ಒಂದು ತೊಲೆ ಮಾತ್ರ ಗುಜರಿಗೆ, ಅಲ್ಲಿಂದ ಭಟ್ಟಿಗೆ ಹೋಯಿತು. ನೆಲದಲ್ಲಿ ಒಂದು ಚೂರು ಕಸ ಉಳಿಯಲಿಲ್ಲ. ಮೊದಲ ಹದಕ್ಕೆ ರೇವಮ್ಮ ಅಲ್ಲೇ ತೊಗರಿ ಬಿತ್ತಿದಳು.

“ನೀ ಹೇಳಿದ್ದು ಖರೇನ ಇತ್ತು ಬೇ,” ಅಂದಳು ರೇವಮ್ಮ, ಕೂರಿಗೆಯ ಹಿಂದೆ ನಿಂತು, ಹೊಲವನ್ನೆಲ್ಲ ಕಣ್ಣಾಡಿಸಿ. “ಮತ್ತ ಅವತ್ಯಾಕ ಹಂಗಾತು?”

“ನನಗ ಹೆಂಗ ಗೊತ್ತಾಗಬೇಕ್ರಿ ಅವ್ವಾ,” ಅಂದಳು ಫರಹೀನ.

ಒಂದು ತೊಲೆ ಬಿಟ್ಟರೆ ತನಗೇನೂ ನಷ್ಟವಾಗಿಲ್ಲ ಎಂದು ಕಂಡ ಹಣಮಂತ್ರಾಯ ಸಾಹುಕಾರರು ಜೇವರ್ಗಿ ಹತ್ತಿರ ಜಾಗ ನೋಡಿದರು, ಅಲ್ಲಿಯೂ ಅವಳೇ ನಿಲ್ಲಿಸಲಿ ಅಂದರು. ಅದೇ ಕಂಬಗಳು ಅಲ್ಲಿ ನಿಂತವು. ತಗಡು ಏರಿತು, ಮೇಲೆ ಸೋಲಾರ್ ಕೂತಿತು, ಮಿಲ್ಲು ತಿರುಗಿತು. ಅವಳು ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಆಳಂದದಿಂದ ಯಾರೂ ಬಾ ಅಂದಿರಲಿಲ್ಲ.

ಬೇಳೆ ಹಸನು ಮಾಡಲು ಬರುವ ಹೆಂಗಸರ ಜೊತೆ ಊಟಕ್ಕೆ ಕೂರುವುದು ಅವಳ ರೂಢಿ. ಒಂದು ದಿನ ಅಫಜಲಪುರದ ಕಡೆಯಿಂದ ಹೊಸದಾಗಿ ಬಂದ ಭಾಗ್ಯಾ ಎಂಬ ಹುಡುಗಿ ರೊಟ್ಟಿ ಮುರಿಯುತ್ತ ಕತೆ ಶುರುಮಾಡಿದಳು.

“ನಮ್ಮೂರಾಗ ಒಬ್ಬಾಂವ ವೆಲ್ಡಿಂಗ್ ಖಲೀಲಣ್ಣ ಅಂತ ಇದ್ದಾನ್ರಿ. ಒಬ್ಬಾಕಿನ ಉಳಿಸಾಕ ಹೋಗಿ ಕೈ ಮುರಕೊಂಡ. ಈಗ ಆ ಕೈ ನಡಗತದ, ವೆಲ್ಡಿಂಗ್ ಬರಂಗಿಲ್ಲ. ಚಾದಂಗಡ್ಯಾಗ ಕುಂತು ಆಕಿ ಕತಿ ಹೇಳ್ತಾನ. ಏನ್ ಛಂದ ಹೇಳ್ತಾನ್ರಿ! ಆಕಿ ಬೆವರು, ಆಕಿ ನಗೂದು, ಹೆಲ್ಮೆಟ್ಟಿನಾಗಿಂದ ಹೊರಗ ಬಂದ ಕೂದಲಾ. ಕೇಳಿದ ಹೆಣಮಕ್ಕಳು ಅಳ್ತಾರ. ಇನ್ನೂ ಲಗ್ನ ಆಗಿಲ್ಲ. ಆಕಿ ಮಾತ್ರ ಕುಂಟ ನೆವಾ ಹೇಳಿ ಬಿಟ್ಟು ಹೋದಳಂತ. ಎಂಥಾ ಕಲ್ಲಮನಸಿನಾಕಿ ಇರಬೇಕು!”

ಹೆಂಗಸರೆಲ್ಲ ಬೈದರು. ಒಬ್ಬಳು ಶಾಪ ಹಾಕಿ ಲಟಿಕೆ ಮುರಿದಳು. ಫರಹೀನ ತನ್ನ ರೊಟ್ಟಿ ಮುರಿದಳು.

“ನಿಮ್ಮನ್ನ ಯಾರರ ಹಂಗ ಪ್ರೀತಿ ಮಾಡಿದ್ರ ನೀವು ಮಾಡ್ಕೊಳ್ತಿದ್ರಿಲ್ಲೇನ್ರಿ ಮೇಡಂ?” ಕೇಳಿದಳು ಭಾಗ್ಯಾ.

“ಮಾಡ್ಕೊಳ್ತಿದ್ದೆ,” ಅಂದಳು ಫರಹೀನ. “ಕಣ್ಣು ಮುಚ್ಚಿ ಮಾಡ್ಕೊಳ್ತಿದ್ದೆ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಭಾಗ್ಯಾ ಮೆಚ್ಚಿ ತಲೆಯಾಡಿಸಿ, ತನ್ನ ಬುತ್ತಿಯ ಶೇಂಗಾ ಹಿಂಡಿಯನ್ನು ಅವಳ ರೊಟ್ಟಿಯ ಮೇಲೆ ಹಾಕಿದಳು.